ನಮ್ಮ ಕುರಿಯ ಉಣ್ಣೆ ಫೆಲ್ಟ್ ಆಗುವುದೇ ಇಲ್ಲವಾ?

ಓದುಗರ ಪ್ರಶ್ನೆ:

"ಅಕ್ಕ, ನಮಸ್ತೆ. ನಾನು ದಾವಣಗೆರೆ ಹತ್ತಿರದ ಒಂದು ಪ್ರೈಮರಿ ಶಾಲೆಯಲ್ಲಿ ಟೀಚರ್. ಈ ಸಲ ಸುಗ್ಗಿ ಮುಗಿದ ಮೇಲೆ ನಮ್ಮ ಚಿಕ್ಕಪ್ಪನ ಹೊಲದಲ್ಲಿ ಗೊಬ್ಬರಕ್ಕೆ ಅಂತ ಕುರಿ ನಿಲ್ಲಿಸಿದ್ದರು. ಫೆಲ್ಟ್, ಅಂದರೆ ನೇಯದೆ ಉಜ್ಜಿಯೇ ಮಾಡುವ ಉಣ್ಣೆಯ ದಪ್ಪ ಬಟ್ಟೆ, ಮಾಡೋಣ ಅಂತ ಆ ಕುರಿಯವರ ಹತ್ತಿರ ಮೂರು ಕೆಜಿ ಕರಿ ಉಣ್ಣೆ ತಗೊಂಡೆ. ಒಂದು ಕೆಜಿಯನ್ನು ಬಟ್ಟೆ ಪೌಡರಿನಲ್ಲಿ ರಾತ್ರಿಯಿಡೀ ನೆನೆಸಿದೆ. ವಾಸನೆ ಹೋಗಲಿಲ್ಲ ಅಂತ ಬ್ಲೀಚ್ ಹಾಕಿ ವಾಷಿಂಗ್ ಮಷೀನಿನಲ್ಲಿ ತಿರುಗಿಸಿದೆ. ಎಣ್ಣೆ ಜಿಡ್ಡೆಲ್ಲ ಬಿಟ್ಟು ಲೋಳೆಲೋಳೆ ಆಯಿತು. ಒಣಗಿಸಿ, ವಿಡಿಯೋದಲ್ಲಿ ತೋರಿಸಿದ ಹಾಗೆ ಪದರ ಪದರವಾಗಿ ಹಾಸಿ, ಬಿಸಿನೀರು, ಸೋಪು ಹಾಕಿ ಒಂದೂವರೆ ಗಂಟೆ ಉಜ್ಜಿದೆ. ಎತ್ತಿದರೆ ನೆನೆದ ಹಪ್ಪಳದ ಹಾಗೆ ಹರಿದು ಬಂತು. ನಮ್ಮದು ಬೋರ್ ನೀರು. ಅಂಗಡಿಯ ವುಲನ್ ದಾರದಲ್ಲಿ ಚಿಕ್ಕ ಚೀಲ ಹೆಣೆದು ಕುದಿಯುವ ನೀರಿಗೆ ಹಾಕಿದರೆ ಅದೂ ಕುಗ್ಗಲಿಲ್ಲ. ಗ್ರೂಪಿನಲ್ಲಿ ಕೇಳಿದರೆ 'ನಮ್ಮ ಕುರಿಗಳದ್ದು ಉಣ್ಣೆ ಅಲ್ಲ, ಬರೀ ಕೂದಲು, ಹೊರದೇಶದ ಮೆರಿನೋ ಕುರಿಯ ನಯ ಉಣ್ಣೆ ತರಿಸಿ' ಅಂದರು. ಇನ್ನೊಬ್ಬರು ಕಂಬಳಿ ನೇಯುವವರ ಹಾಗೆ ಹುಣಸೆ ಬೀಜದ ಗಂಜಿ ಹಚ್ಚಿ ಅಂದರು. ಮಗಳಿಗೆ ಉಣ್ಣೆ ಮುಟ್ಟಿದರೆ ಮೈ ತುರಿಸುತ್ತೆ, ಅಲರ್ಜಿ ಇರಬಹುದಾ? ಅತ್ತೆಯವರು ಕುರಿ ಉಣ್ಣೆಯಿಂದ ರೋಗ ಬರುತ್ತೆ ಅಂತಾರೆ. ಉಳಿದ ಎರಡು ಕೆಜಿಯಲ್ಲಿ ಈಗ ಬಿಳಿ ಹುಳು ಕಾಣುತ್ತಿದೆ. ಅತ್ತೆಗೆ ಸಕ್ಕರೆ ಕಾಯಿಲೆ, ಪಾದ ತಣ್ಣಗಾಗುತ್ತೆ, ಅವರಿಗೊಂದು ಜೊತೆ ಉಣ್ಣೆ ಚಪ್ಪಲಿ ಮಾಡಬೇಕು, ಶಾಲೆಯ ಮಕ್ಕಳಿಗೂ ಏನಾದರೂ ಕಲಿಸಬೇಕು ಅಂತ ಆಸೆ. ಬಿಟ್ಟುಬಿಡಲಾ, ಮುಂದುವರಿಸಲಾ?"

ಮುಂದುವರಿಸಿ. ನಾನು ಕುರಿ ಉಣ್ಣೆಯ ಕೆಲಸಕ್ಕೆ ಬಂದು 20 ವರ್ಷದ ಮೇಲಾಯಿತು, ಅದರಲ್ಲಿ ಹೆಚ್ಚಿನದು ನಿಮ್ಮ ಕೈಯಲ್ಲಿರುವಂಥ ಕರಿ ಉಣ್ಣೆಯದ್ದೇ. ನಿಮ್ಮ ಪತ್ರ ಎರಡು ಸಲ ಓದಿದೆ. ಎರಡನೇ ಸಲ ಒಂದು ಸಾಲಿನ ಹತ್ತಿರ ನಿಂತುಬಿಟ್ಟೆ. ವಾಸನೆ ಹೋಗಲಿಲ್ಲ ಅಂತ ಬ್ಲೀಚ್ ಹಾಕಿದೆ ಅಂದಿದ್ದೀರಲ್ಲ, ತಪ್ಪಿದ್ದು ಬಹುಪಾಲು ಅಲ್ಲೇ. ಕುರಿಯದ್ದೂ ತಪ್ಪಲ್ಲ, ನಿಮ್ಮ ಕೈಯದ್ದೂ ತಪ್ಪಲ್ಲ.

ಯಾಕೆ ಅಂತ ಹೇಳುತ್ತೇನೆ. ಚಿಕ್ಕವರಿದ್ದಾಗ ಗೋಧಿ ತೆನೆಯನ್ನು ಅಂಗಿಯ ತೋಳಿನೊಳಗೆ ತಲೆಕೆಳಗಾಗಿ ಇಟ್ಟುಕೊಂಡು ಕೈ ಬೀಸಿದ್ದು ನೆನಪಿದೆಯಾ? ಕೈ ಆಡಿಸಿದಷ್ಟೂ ತೆನೆ ತಾನಾಗಿ ಮೇಲೆ ಹತ್ತುತ್ತಾ ಹೋಗುತ್ತದೆ, ವಾಪಸ್ ಇಳಿಯುವುದಿಲ್ಲ. ಉಣ್ಣೆಯ ಎಳೆಯೂ ಹಾಗೆಯೇ. ಅದರ ಮೈಮೇಲೆ ಮೀನಿನ ಹುರುಪೆಯಂಥ ಸಣ್ಣ ಸಣ್ಣ ಹುರುಪೆಗಳು ಒಂದರ ಮೇಲೊಂದು ಕೂತಿವೆ. ಎಲ್ಲದರ ಮೊನೆಯೂ ಎಳೆಯ ತುದಿಯ ಕಡೆಗೇ. ಹಾಗಾಗಿ ಒಂದು ಕಡೆಗೆ ನುಣುಪು, ಇನ್ನೊಂದು ಕಡೆಗೆ ಒರಟು. ನಿಮ್ಮ ತಲೆಗೂದಲಿನ ಒಂದು ಎಳೆಯನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ಉದ್ದಕ್ಕೆ ಉಜ್ಜಿ ನೋಡಿ, ಅದು ಬುಡದ ಕಡೆಗೇ ಸರಿಯುತ್ತದೆ. ಬಿಸಿನೀರು, ಸೋಪು ತಗುಲಿದಾಗ ಉಣ್ಣೆ ಉಬ್ಬಿ ಹುರುಪೆಗಳು ಸ್ವಲ್ಪ ಎದ್ದು ನಿಲ್ಲುತ್ತವೆ. ಆಗ ಉಜ್ಜಿದರೆ ಒಂದೊಂದು ಎಳೆಯೂ ತನ್ನ ಬುಡದ ಕಡೆಗೆ ಸರಿದು ಪಕ್ಕದ ಎಳೆಗಳೊಳಗೆ ನುಗ್ಗುತ್ತದೆ. ಹಿಂದೆ ಬರಲು ಆಗುವುದಿಲ್ಲ. ಸಾವಿರಾರು ಎಳೆ ಹೀಗೆ ಮಾಡಿದಾಗ ಉಣ್ಣೆ ಜಡೆಗಟ್ಟುತ್ತದೆ. ಆ ಜಡೆಯೇ ಫೆಲ್ಟ್. ನೂಲು ಬೇಡ, ಮಗ್ಗ ಬೇಡ, ಗೋಂದು ಬೇಡ.

ಬ್ಲೀಚಿನಲ್ಲಿರುವ ಕ್ಲೋರಿನ್ ಮೊದಲು ತಿನ್ನುವುದೇ ಈ ಹುರುಪೆಯನ್ನು. ಎಷ್ಟೆಂದರೆ, ಮಷೀನಿನಲ್ಲಿ ತೊಳೆದರೂ ಕುಗ್ಗದ ಸ್ವೆಟರ್ ಬೇಕು ಅಂದಾಗ ಕಾರ್ಖಾನೆಗಳಲ್ಲಿ ಉಣ್ಣೆಗೆ ಬೇಕಂತಲೇ ಕ್ಲೋರಿನ್ ಕೊಟ್ಟು, ಮೇಲೆ ತೆಳುವಾದ ಪ್ಲಾಸ್ಟಿಕ್‌ನಂಥ ಲೇಪ ಹಾಕುತ್ತಾರೆ. ಅದಕ್ಕೆ ಸೂಪರ್‌ವಾಶ್ ಅಂತ ಹೆಸರು. ಆ ಉಣ್ಣೆ ಬಿಸಿನೀರು, ಸೋಪು ಹಾಕಿ ಎಷ್ಟು ಉಜ್ಜಿದರೂ ಫೆಲ್ಟ್ ಆಗುವುದಿಲ್ಲ. ನೀವು ಗೊತ್ತಿಲ್ಲದೆ ಮನೆಯಲ್ಲೇ ಆ ಕೆಲಸ ಮಾಡಿದ್ದೀರಿ. ಲೋಳೆಲೋಳೆ ಆಯಿತು ಅಂದಿರಲ್ಲ, ಅದು ಜಿಡ್ಡು ಬಿಟ್ಟದ್ದಲ್ಲ, ಉಣ್ಣೆಯೇ ಕರಗಲು ಶುರುವಾದದ್ದು. ನಮ್ಮ ಕಡೆಯ ಕುರಿಗಳ ಉಣ್ಣೆಯಲ್ಲಿ ಜಿಡ್ಡು ಮೊದಲೇ ಕಡಿಮೆ.

ಬಟ್ಟೆ ಪೌಡರ್ ಕೂಡ ಉಪಕಾರ ಮಾಡಿಲ್ಲ. ಈಗಿನ ಎಷ್ಟೋ ಪೌಡರುಗಳಲ್ಲಿ ರಕ್ತ, ಸಾರಿನ ಕಲೆ ತೆಗೆಯಲು ಎಂಜೈಮ್ ಇರುತ್ತದೆ. ಅದು ಪ್ರೋಟೀನ್ ತಿನ್ನುವ ಎಂಜೈಮ್. ಉಣ್ಣೆ ಪೂರ್ತಿ ಪ್ರೋಟೀನೇ ಅಲ್ವಾ? ಜೊತೆಗೆ ಸೋಡಾ ಬೇರೆ. ಅರ್ಧ ಗಂಟೆಗೆ ಅಂಥ ಅಪಾಯವಿಲ್ಲ, ರಾತ್ರಿಯಿಡೀ ಅಂದರೆ ಜಾಸ್ತಿಯಾಯಿತು. ಮಷೀನಿನಲ್ಲಿ ತಿರುಗಿಸಿದ್ದು ಮೂರನೆಯದು. ಹಿಂಜದ ಉಣ್ಣೆಯನ್ನು ತಿರುಗಿಸಿದರೆ ಅದು ಅಲ್ಲೇ ಗಂಟುಗಂಟಾಗುತ್ತದೆ. ಆಮೇಲೆ ಆ ಗಂಟುಗಳನ್ನು ಎಷ್ಟು ಚಂದ ಹಾಸಿದರೂ ಒಂದಕ್ಕೊಂದು ಸೇರುವುದಿಲ್ಲ.

ಈಗ "ಉಣ್ಣೆ ಅಲ್ಲ, ಕೂದಲು" ಅನ್ನುವ ಮಾತಿಗೆ ಬರೋಣ. ಇದನ್ನು ಕೇಳಿದಾಗಲೆಲ್ಲ ನನಗೆ ನೋವಾಗುತ್ತದೆ, ಏಕೆಂದರೆ ಅದರಲ್ಲಿ ಅರ್ಧ ಸತ್ಯ ಇದೆ. ರಾಯಚೂರು, ಕೊಪ್ಪಳ ಕಡೆಯ ಕೆಂಗುರಿ, ಆಂಧ್ರದ ನೆಲ್ಲೂರು ಕುರಿ, ಇವುಗಳ ಮೈಮೇಲೆ ಇರುವುದು ನಿಜವಾಗಿಯೂ ಕೂದಲೇ. ಅವನ್ನು ಸಾಕುವುದು ಮಾಂಸಕ್ಕೆ. ಆದರೆ ದಖ್ಖನಿ ಮತ್ತು ಬಳ್ಳಾರಿ ಕುರಿಗಳದ್ದು ಉಣ್ಣೆಯೇ. ಇಷ್ಟು ಕಾಲ ಕಂಬಳಿ ಬಂದದ್ದು ಎಲ್ಲಿಂದ ಮತ್ತೆ? ಅದು ಒರಟು ಉಣ್ಣೆ, ಅಷ್ಟೇ. ಕೈಕೆಲಸಕ್ಕೆ ಮಾರುವ ಮೆರಿನೋ ಎಳೆಯ ದಪ್ಪ ಸುಮಾರು 19ರಿಂದ 23 ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ). ನಮ್ಮದರಲ್ಲಿ 35ರ ಮೇಲಿನ ಎಳೆಗಳೇ ಹೆಚ್ಚು. ಮೆರಿನೋ ಎಳೆಯಲ್ಲಿ ಸುರುಳಿ ಜಾಸ್ತಿ, ಹುರುಪೆಗಳೂ ಒತ್ತಾಗಿವೆ. ನಮ್ಮ ಉಣ್ಣೆಯಲ್ಲಿ ಎಷ್ಟೋ ಎಳೆಗಳ ನಡುವೆ ಟೊಳ್ಳು ಇರುತ್ತದೆ, ಕೆಲವು ಗಿಡ್ಡಗೆ, ಬಿಳಿಚಿಕೊಂಡು, ಬಗ್ಗಿಸಿದರೆ ಮುರಿಯುವ ಹಾಗಿರುತ್ತವೆ. ಆ ಮುರುಕು ಎಳೆ ಮಾತ್ರ ಫೆಲ್ಟ್ ಆಗುವುದಿಲ್ಲ, ಬಣ್ಣವನ್ನೂ ಕುಡಿಯುವುದಿಲ್ಲ.

ಇನ್ನೊಂದು ವಿಷಯ ಇದೆ. 20 ವರ್ಷದ ಹಿಂದೆ ನನಗೆ ಸಿಗುತ್ತಿದ್ದ ಉಣ್ಣೆಗೂ ಇವತ್ತಿನದಕ್ಕೂ ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ. ಉಣ್ಣೆಗೆ ಬೆಲೆ ಇಲ್ಲ, ಮಾಂಸಕ್ಕೆ ಇದೆ. ಹಾಗಾಗಿ ಕುರಿಯವರು ದೊಡ್ಡ ಮೈಯ ಟಗರು ತಂದು ಹಿಂಡಿಗೆ ಬಿಡುತ್ತಾರೆ, ಮರಿಗಳ ಮೈಮೇಲೆ ಉಣ್ಣೆ ಕಡಿಮೆಯಾಗಿ ಕೂದಲು ಹೆಚ್ಚುತ್ತದೆ. ಅವರನ್ನು ದೂರುವ ಹಾಗಿಲ್ಲ. ಕತ್ತರಿಸುವ ಕೂಲಿಯೂ ಹುಟ್ಟದೆ ಉಣ್ಣೆಯನ್ನು ಬೇಲಿ ಮೇಲೆ ಎಸೆದು ಹೋದದ್ದನ್ನು ನಾನೇ ನೋಡಿದ್ದೇನೆ, ಎಷ್ಟೋ ಸಲ ಹೊತ್ತು ತಂದಿದ್ದೇನೆ. ಒಂದೇ ಹಿಂಡಿನಲ್ಲಿ ಒಂದು ಕುರಿ ಒಳ್ಳೆ ಉಣ್ಣೆಯದ್ದು, ಪಕ್ಕದ್ದು ಕೂದಲಿನದ್ದು ಅನ್ನುವ ಸ್ಥಿತಿ ಈಗ. ನಿಮ್ಮ ಮೂರು ಕೆಜಿಯಲ್ಲೂ ಎರಡೂ ಬೆರೆತಿರುತ್ತದೆ, ಆರಿಸಬೇಕು.

ಒರಟು ಉಣ್ಣೆ ಫೆಲ್ಟ್ ಆಗುವುದೇ ಇಲ್ಲ ಅನ್ನುವವರಿಗೆ ಮಂಗೋಲಿಯ ತೋರಿಸಬೇಕು. ಅಲ್ಲಿನ ಗೇರ್ ಅನ್ನುವ ಗುಂಡು ಮನೆಗಳ ಗೋಡೆ, ಚಾವಣಿ ಎರಡೂ ಕುರಿ ಉಣ್ಣೆಯ ಫೆಲ್ಟೇ, ಮೆರಿನೋ ಅಲ್ಲ. ರಷ್ಯಾದ ಅಲ್ತಾಯ್ ಬೆಟ್ಟಗಳ ಪಜಿರಿಕ್ ಸಮಾಧಿಗಳಲ್ಲಿ 2,000 ವರ್ಷಕ್ಕೂ ಹಳೆಯ ಫೆಲ್ಟ್ ಮಂಜುಗಡ್ಡೆಯೊಳಗೆ ಹಾಗೇ ಸಿಕ್ಕಿದೆ. ಅಷ್ಟು ದೂರ ಯಾಕೆ, ನಮ್ಮ ದೇಶದ್ದೇ ನಮ್ದಾ ಇದೆಯಲ್ಲ. ಕಾಶ್ಮೀರದಲ್ಲಿ, ರಾಜಸ್ಥಾನದ ಟೋಂಕ್‌ನಲ್ಲಿ, ಕಛ್‌ನಲ್ಲಿ ಮಾಡುತ್ತಾರೆ. ಉಣ್ಣೆ ಹಾಸಿ, ಸೋಪಿನ ನೀರು ಚಿಮುಕಿಸಿ, ಸುತ್ತಿ, ಕೈಯಲ್ಲಿ, ಕಾಲಲ್ಲಿ ತುಳಿದು ಮಾಡುವ ನೆಲಹಾಸು. ಅವರು ಅದನ್ನು ನೆಲಕ್ಕೆ ಹಾಸುತ್ತಾರೆ, ಕುದುರೆ, ಒಂಟೆಯ ಜೀನಿನಡಿ ಹಾಕುತ್ತಾರೆ, ಕುತ್ತಿಗೆಗೆ ಸುತ್ತಿಕೊಳ್ಳುವುದಿಲ್ಲ. ನಾವು ವಿಡಿಯೋದಲ್ಲಿ ಮೆರಿನೋದ ತೆಳು ಸ್ಕಾರ್ಫ್ ನೋಡಿ ಕರಿ ಉಣ್ಣೆಯಲ್ಲಿ ಅದನ್ನೇ ಮಾಡಲು ಹೋಗುತ್ತೇವೆ, ಆಗಲಿಲ್ಲ ಅಂದರೆ ಉಣ್ಣೆಯನ್ನು ಬಯ್ಯುತ್ತೇವೆ.

ಈಗ ನಿಮ್ಮ ಎರಡು ಕೆಜಿ. ಅದಕ್ಕೆ ಹುಳು ಬಿದ್ದಿದೆ, ಹಾಗಾಗಿ ಬೇರೆಲ್ಲದಕ್ಕಿಂತ ಮೊದಲು ಅದು. ಬಿಳಿ ಹುಳು ಅಂದರೆ ಬಟ್ಟೆ ತಿನ್ನುವ ಪತಂಗದ ಮರಿ, ನಾವು ನುಸಿ ಅನ್ನುವುದು. ಪತಂಗ ತಾನು ತಿನ್ನುವುದಿಲ್ಲ, ಮೊಟ್ಟೆ ಇಡುತ್ತದೆ, ಮರಿ ತಿನ್ನುತ್ತದೆ. ಬೆವರು, ಮೂತ್ರ ಮೆತ್ತಿದ ಉಣ್ಣೆ ಅಂದರೆ ಅದಕ್ಕೆ ಪ್ರಾಣ, ತೊಳೆದು ಒಣಗಿಸಿದ್ದರ ತಂಟೆಗೆ ಬರುವುದು ಕಡಿಮೆ. ಬೇವಿನ ಸೊಪ್ಪು ಇಟ್ಟರೆ ಹೊಸ ಪತಂಗ ಬರುವುದು ಸ್ವಲ್ಪ ತಪ್ಪೀತು, ಒಳಗಿರುವ ಮೊಟ್ಟೆಗೆ ಏನೂ ಆಗುವುದಿಲ್ಲ. ನುಸಿ ಗುಳಿಗೆ ಕೆಲಸ ಮಾಡುತ್ತದೆ, ಆದರೆ ಮಕ್ಕಳು ಕೈಯಾಡಿಸುವ ಉಣ್ಣೆಗೆ ನಾನು ಹಾಕುವುದಿಲ್ಲ. ಜಿ6ಪಿಡಿ ಅನ್ನುವ ಎಂಜೈಮಿನ ಹುಟ್ಟು ಕೊರತೆ ಇರುವ ಮಕ್ಕಳಿಗೆ ಆ ಗುಳಿಗೆಯಿಂದ ರಕ್ತಕಣ ಒಡೆಯುವ ಅಪಾಯ ಇದೆ, ಯಾವ ಮಗುವಿಗೆ ಆ ಕೊರತೆ ಇದೆಯೋ ನೋಡಿದರೆ ಗೊತ್ತಾಗುವುದಿಲ್ಲ. ಉಣ್ಣೆಯನ್ನು ಮನೆಯ ಹೊರಗೆ ಚೆನ್ನಾಗಿ ಕೊಡವಿ, ಬಿಸಿಲಲ್ಲಿ ಇಡೀ ದಿನ ತೆಳ್ಳಗೆ ಹರಡಿ. ಆಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ತೆಗೆದು ಕಟ್ಟಿ ಫ್ರೀಜರಿನಲ್ಲಿ ಎರಡು ವಾರ ಇಡಿ. ಒಂದೇ ಸಲ ಎರಡು ಕೆಜಿ ಹಿಡಿಸದಿದ್ದರೆ ಕಂತುಗಳಲ್ಲಿ ಇಡಿ. ಹೊರಗೆ ತೆಗೆದ ಮೇಲೆ ಚೀಲ ಮನೆಯ ಬಿಸಿಗೆ ಬರುವವರೆಗೆ ಬಿಚ್ಚಬೇಡಿ, ಇಲ್ಲವಾದರೆ ಒಳಗೆ ನೀರಾಡುತ್ತದೆ.

ಆಮೇಲೆ ಆರಿಸುವುದು. ಅಕ್ಕಿ ಆರಿಸಿದಷ್ಟೇ ತಾಳ್ಮೆ ಸಾಕು. ಕುತ್ತಿಗೆ, ಭುಜ, ಪಕ್ಕೆಯ ಉಣ್ಣೆ ಮೆತ್ತಗಿರುತ್ತದೆ, ತೊಡೆ ಮತ್ತು ಬಾಲದ ಕಡೆಯದ್ದು ಒರಟು. ಹಿಕ್ಕೆ ಅಂಟಿದ್ದು, ಮುಳ್ಳು, ಕಸ, ಕಡ್ಡಿಯಂಥ ಎಳೆ ಎಲ್ಲ ಬೇರೆ ಮಾಡಿ. ಮುಂದಿನ ಸಲ ಕೊಳ್ಳುವಾಗ ಕುರಿಯವರ ಹತ್ತಿರ ಮರಿಗಳಿಂದ ಮೊದಲ ಸಲ ಕತ್ತರಿಸಿದ ಉಣ್ಣೆ ಬೇಕು ಅಂತ ಬಾಯಿಬಿಟ್ಟು ಕೇಳಿ. ಒಂದು ಕುರಿಗೆ ವರ್ಷವಿಡೀ ಸಿಗುವುದೇ ಅರ್ಧ ಕೆಜಿ ಆಸುಪಾಸು, ಮರಿಯದ್ದು ಇನ್ನೂ ಕಡಿಮೆ, ಆದರೆ ಮೃದು ಅಂದರೆ ಅದೇ. ನನ್ನ ಅರ್ಧ ಕೆಲಸ ನಡೆಯುವುದೇ ಮರಿ ಉಣ್ಣೆಯ ಮೇಲೆ. ಚರ್ಮ ಹದ ಮಾಡುವ ಕಡೆಯಿಂದ ಬರುವ ಉಣ್ಣೆ ಮಾತ್ರ ಎಷ್ಟು ಅಗ್ಗ ಆದರೂ ಬೇಡ. ಅದನ್ನು ಸುಣ್ಣ ಹಾಕಿ ಬಿಡಿಸಿರುತ್ತಾರೆ, ಎಳೆ ಸತ್ತಿರುತ್ತದೆ.

ತೊಳೆಯುವುದು ಹೀಗೆ. ಮೊದಲು ತಣ್ಣೀರಿನಲ್ಲಿ ಒಂದು ರಾತ್ರಿ ಸುಮ್ನೆ ನೆನೆಯಲಿ, ಏನೂ ಹಾಕಬೇಡಿ. ಮಣ್ಣು, ಬೆವರಿನ ಉಪ್ಪು ಅರ್ಧಕ್ಕರ್ಧ ಅದರಲ್ಲೇ ಹೋಗುತ್ತದೆ. ಆ ನೀರನ್ನು ಗಿಡಕ್ಕೆ ಹಾಕಿ, ಗಿಡ ಚೆನ್ನಾಗಿ ಬರುತ್ತದೆ. ಆಮೇಲೆ ಬಕೆಟ್ಟಿನಲ್ಲಿ ಕೈ ಇಡಲು ಕಷ್ಟವಾಗುವಷ್ಟು ಬಿಸಿನೀರು, ಸುಮಾರು 55ರಿಂದ 60 ಡಿಗ್ರಿ. ಉಣ್ಣೆಯ ಜಿಡ್ಡು ಕರಗಲು 40 ಡಿಗ್ರಿ ಆಸುಪಾಸು ಬೇಕು, ನೀರು ಆರುತ್ತಾ ಅದಕ್ಕಿಂತ ಕೆಳಗಿಳಿದರೆ ಬಿಟ್ಟ ಜಿಡ್ಡು ವಾಪಸ್ ಮೆತ್ತಿಕೊಳ್ಳುತ್ತದೆ. ಸಾಬೂನಿನ ಬದಲು ಅಂಟುವಾಳ ಕಾಯಿ ನೆನೆಸಿ ಕಿವುಚಿ ಸೋಸಿದ ನೀರು ಹಾಕಿ. ಉಣ್ಣೆಯನ್ನು ನೀರಿನ ಮೇಲಿಟ್ಟು ಕೋಲಿನಿಂದ ಮೆಲ್ಲಗೆ ಒತ್ತಿ ಮುಳುಗಿಸಿ, 20 ನಿಮಿಷ ಬಿಡಿ. ಕಲಕಬೇಡಿ, ಹಿಂಡಬೇಡಿ, ಮೇಲಿಂದ ನಲ್ಲಿ ಬಿಡಬೇಡಿ. ಎತ್ತಿ ಅಷ್ಟೇ ಬಿಸಿಯ ಇನ್ನೊಂದು ಬಕೆಟ್ಟಿಗೆ ಹಾಕಿ. ಬಿಸಿಯಿಂದ ತಣ್ಣನೆಯ ನೀರಿಗೆ ನೇರ ಹಾಕಿ ಅಲುಗಾಡಿಸಿದರೆ ಜಡೆಗಟ್ಟಲು ಶುರುವಾಗುತ್ತದೆ, ಅದು ಈಗಲೇ ಬೇಡ. ಕುರಿಯ ವಾಸನೆ ಪೂರ್ತಿ ಹೋಗುವುದಿಲ್ಲ. ನೆರಳಲ್ಲಿ ನಾಲ್ಕೈದು ದಿನ ಗಾಳಿಗೆ ಹಾಕಿದರೆ ಮೂಗಿಗೆ ತೊಂದರೆ ಕೊಡದಷ್ಟು ಕಡಿಮೆಯಾಗುತ್ತದೆ.

ಅಂಟುವಾಳ ಅಂದದ್ದಕ್ಕೆ ಕಾರಣ ನಿಮ್ಮ ಬೋರ್ ನೀರು. ಆ ಕಡೆ ಬೋರ್ ನೀರೆಂದರೆ ಗಡಸು ನೀರೇ, ಸುಣ್ಣದ ಅಂಶ ಜಾಸ್ತಿ. ಸೋಪು ಅದರ ಜೊತೆ ಸೇರಿ ಬಿಳಿ ಗಸಿಯಾಗಿ ಉಣ್ಣೆಗೆ ಮೆತ್ತಿಕೊಳ್ಳುತ್ತದೆ, ನೊರೆಯೇ ಬರುವುದಿಲ್ಲ. ಹುರುಪೆಗಳ ನಡುವೆ ಗಸಿ ತುಂಬಿದರೆ ಎಳೆ ಹೇಗೆ ಸರಿಯಬೇಕು ಹೇಳಿ. ಅಂಟುವಾಳಕ್ಕೆ ಆ ತೊಂದರೆ ಇಲ್ಲ. ಫೆಲ್ಟ್ ಮಾಡುವ ಹೊತ್ತಿಗೆ ಮಾತ್ರ ಸೋಪು ಬೇಕೇ ಬೇಕು, ಅಂಟುವಾಳದ ನೀರು ಅಷ್ಟು ಚುರುಕಾಗಿ ಕೆಲಸ ಮಾಡುವುದಿಲ್ಲ. ಅದಕ್ಕೆ ಮಳೆ ನೀರು ಹಿಡಿದಿಡಿ, ಇಲ್ಲವೇ ಕುಡಿಯುವ ಆರ್‌ಒ ಫಿಲ್ಟರ್ ನೀರು ಎರಡು ಮೂರು ಲೀಟರ್ ಸಾಕು. ಸೋಪು ತೆಂಗಿನೆಣ್ಣೆಯದ್ದಾದರೆ ಒಳ್ಳೆಯದು, ಗಡಸು ನೀರಿನಲ್ಲೂ ಅದು ಸ್ವಲ್ಪ ನೊರೆ ಕೊಡುತ್ತದೆ.

ಒಣಗಿದ ಉಣ್ಣೆಯಿಂದ ಒಂದು ಚಿಟಿಕೆ ತೆಗೆದು ಪರೀಕ್ಷೆ ಮಾಡಿ. ಬಿಡಿಸಿ ಅರಳಿಸಿ, ಬಿಸಿ ಸೋಪುನೀರಲ್ಲಿ ಅದ್ದಿ, ಅಂಗೈಗಳ ನಡುವೆ ಉಂಡೆ ಕಟ್ಟಿದ ಹಾಗೆ ತಿರುಗಿಸಿ. ಮೊದಲೆರಡು ನಿಮಿಷ ಬಹಳ ಹಗುರ ಕೈ, ಆಮೇಲೆ ನಿಧಾನಕ್ಕೆ ಒತ್ತಡ. ಐದಾರು ನಿಮಿಷದಲ್ಲಿ ಗಟ್ಟಿ ಗೋಲಿಯಾಗಬೇಕು, ನೆಲಕ್ಕೆ ಹಾಕಿದರೆ ಪುಟಿಯಬೇಕು. ಆಗದಿದ್ದರೆ ಆ ಉಣ್ಣೆಯನ್ನು ಹಾಸಿ ಗಂಟೆಗಟ್ಟಲೆ ಕಷ್ಟಪಡಬೇಡಿ. ಬ್ಲೀಚ್ ಆದದ್ದರಿಂದಲೂ ಒಂದು ಚಿಟಿಕೆ ಮಾಡಿ ನೋಡಿ, ವ್ಯತ್ಯಾಸ ನಿಮ್ಮ ಕೈಯಲ್ಲೇ ಕಾಣುತ್ತದೆ.

ಗೋಲಿ ಆಯಿತು ಅಂದರೆ ಹಿಂಜಿ. ನಾಯಿ ಬಾಚುವ ತಂತಿ ಬ್ರಷ್ ಎರಡು ಇದ್ದರೂ ನಡೆಯುತ್ತದೆ. ಒಂದು ಗಂಟೂ ಉಳಿಯಬಾರದು, ಬೆಳಕಿಗೆ ಹಿಡಿದರೆ ಜೇಡರ ಬಲೆ ಹಾಗೆ ಕಾಣಬೇಕು. ಹಾಸುವಾಗ ದಪ್ಪ ಎರಡು ಪದರಕ್ಕಿಂತ ತೆಳ್ಳನೆ ಐದಾರು ಪದರ ಮೇಲು, ಒಂದು ಉದ್ದಕ್ಕಾದರೆ ಮುಂದಿನದು ಅಡ್ಡಕ್ಕೆ. ಬೇಕಾದ ಅಳತೆಗಿಂತ ಮೂರನೇ ಒಂದು ಭಾಗಕ್ಕೂ ಜಾಸ್ತಿ ದೊಡ್ಡದಾಗಿ ಹಾಸಿ, ಕುಗ್ಗುತ್ತದೆ. ಮೇಲೆ ಹಳೆ ಸೊಳ್ಳೆ ಪರದೆಯ ತುಂಡು ಹೊದಿಸಿ, ಬಿಸಿ ಸೋಪುನೀರು ಚಿಮುಕಿಸಿ, ಮೊದಲ ಹತ್ತು ನಿಮಿಷ ಬರೀ ಅಂಗೈಯಿಂದ ಒತ್ತಿ. ಇಲ್ಲೇ ಎಲ್ಲರೂ ಅವಸರ ಮಾಡುವುದು. ನೆನೆದು ಕೂರುವ ಮೊದಲೇ ಜೋರಾಗಿ ಉಜ್ಜಿದರೆ ಪದರಗಳು ಜರುಗಿ ಮಧ್ಯೆ ತೂತು ಬೀಳುತ್ತವೆ. ಆಮೇಲೆ ಗುಂಡಗುಂಡಗೆ ಹಗುರ ಉಜ್ಜಿ. ಬೆರಳಿನಿಂದ ಮೇಲ್ಮೈ ಹಿಡಿದು ಎತ್ತಿದಾಗ ಎಳೆ ಬರದೆ ಇಡೀ ಹಾಳೆಯೇ ಎದ್ದರೆ ಪರದೆ ತೆಗೆದು, ಬಿದಿರು ಕಡ್ಡಿಯ ಚಾಪೆಯಲ್ಲಿ ಸುತ್ತಿ ಮುಂದೋಳಿನಿಂದ ಉರುಳಿಸಿ. ನಾಲ್ಕೂ ದಿಕ್ಕಿಗೆ ತಿರುಗಿಸಿ ಒಂದೊಂದು ದಿಕ್ಕಿಗೆ 100 ಸಲ. ಮೆರಿನೋಗೆ ಅಷ್ಟು ಸಾಕು. ನಮ್ಮ ಉಣ್ಣೆಗೆ 300 ಆದರೂ ಬೇಕು, ಮಧ್ಯೆ ಮಧ್ಯೆ ಬಿಸಿನೀರು ಬದಲಿಸಬೇಕು. ಕೊನೆಗೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಎತ್ತಿ ಎತ್ತಿ ಬಡಿಯಿರಿ. ಅದೊಂದು ಕೆಲಸ ವಿಡಿಯೋಗಳಲ್ಲಿ ಸಿಂಕಿನೊಳಗೆ ಎಸೆದು ತೋರಿಸುತ್ತಾರೆ, ನಮ್ಮ ಒಗೆಯುವ ಕಲ್ಲಿನ ಮುಂದೆ ಅದು ಏನೂ ಅಲ್ಲ. ಚೆನ್ನಾಗಿ ತೊಳೆದು ಕೊನೆಯ ನೀರಿಗೆ ಎರಡು ಚಮಚ ವಿನೆಗರ್ ಹಾಕಿದರೆ ಸೋಪಿನ ಕ್ಷಾರ ಉಳಿಯುವುದಿಲ್ಲ. ಒಂದು ಎಚ್ಚರಿಕೆ, ಬ್ಲೀಚ್ ಇರುವ ನೀರಿಗೆ ವಿನೆಗರ್, ನಿಂಬೆಹಣ್ಣು ಯಾವತ್ತೂ ಹಾಕಬೇಡಿ. ಕ್ಲೋರಿನ್ ಅನಿಲ ಏಳುತ್ತದೆ, ಉಸಿರಿಗೆ ಅಪಾಯ.

ಹುಣಸೆ ಬೀಜದ ಗಂಜಿ ಬೇಡ. ಕಂಬಳಿ ನೇಯುವವರು ಅದನ್ನು ಹಚ್ಚುವುದು ಮಗ್ಗದ ಹಾಸಿನ ನೂಲಿಗೆ, ನೇಯುವಾಗ ನೂಲು ಉಜ್ಜಿ ಹರಿಯದಿರಲಿ ಅಂತ. ಎಳೆಯನ್ನು ಎಳೆಗೆ ಅಂಟಿಸಲು ಅಲ್ಲ. ಫೆಲ್ಟಿಗೆ ಹಚ್ಚಿದರೆ ಗಂಜಿ ಒಣಗಿ ಗಟ್ಟಿಯಾಗಿ 'ಆಯಿತು' ಅನ್ನಿಸುತ್ತದೆ, ಮೊದಲ ಸಲ ನೆನೆದಾಗ ಬಿಟ್ಟು ಹೋಗುತ್ತದೆ, ಅಷ್ಟರಲ್ಲಿ ಇಲಿ, ಜಿರಲೆ ಬರುತ್ತವೆ. ಫೆವಿಕಾಲ್ ಹಚ್ಚುವವರಿಗೂ ಇದೇ ಮಾತು.

ಅಂಗಡಿಯ ವುಲನ್ ದಾರ ಕುಗ್ಗಲಿಲ್ಲ ಅಂದಿರಿ. ನಮ್ಮ ಅಂಗಡಿಗಳಲ್ಲಿ ವುಲನ್ ಅಂತ ಮಾರುವುದರಲ್ಲಿ ಹೆಚ್ಚಿನದು ಅಕ್ರಿಲಿಕ್, ಅಂದರೆ ಪ್ಲಾಸ್ಟಿಕ್ ಜಾತಿಯ ದಾರ. ಅದರಲ್ಲಿ ಹುರುಪೆಯೇ ಇಲ್ಲ. ಒಂದಿಂಚು ದಾರವನ್ನು ಚಿಮಟದಲ್ಲಿ ಹಿಡಿದು ಸಿಂಕಿನ ಮೇಲೆ ಉರಿಗೆ ತೋರಿಸಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೆಂಕಿ ತೆಗೆದರೆ ತಾನೇ ಆರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಅಕ್ರಿಲಿಕ್ ಕರಗಿ ಉರಿಯುತ್ತಲೇ ಇರುತ್ತದೆ, ಕರಿ ಮಣಿಯಂತೆ ಗಟ್ಟಿಯಾಗುತ್ತದೆ. ಬಿಸಿ ಇರುವಾಗ ಅದನ್ನು ಮುಟ್ಟಬೇಡಿ.

ಮಗಳ ತುರಿಕೆ ಬಹುಶಃ ಅಲರ್ಜಿ ಅಲ್ಲ. ಸುಮಾರು 30 ಮೈಕ್ರಾನ್‌ಗಿಂತ ದಪ್ಪನೆಯ ಎಳೆಯ ತುದಿ ಚರ್ಮಕ್ಕೆ ತಾಗಿದರೆ ಬಗ್ಗುವುದಿಲ್ಲ, ಚುಚ್ಚುತ್ತದೆ. ಅದನ್ನೇ ನಾವು ತುರಿಕೆ ಅನ್ನುವುದು. ಉಣ್ಣೆ ಬಿಟ್ಟ ಸ್ವಲ್ಪ ಹೊತ್ತಿಗೆ ಕಡಿಮೆಯಾದರೆ ಇದೇ ಕಾರಣ. ದದ್ದು ಎದ್ದು ಮರುದಿನವೂ ಉಳಿದರೆ, ಅಥವಾ ಉಬ್ಬಸ ಬಂದರೆ ಡಾಕ್ಟರಿಗೆ ತೋರಿಸಿ. ಉಣ್ಣೆಯ ಜಿಡ್ಡಿಗೆ ಅಲರ್ಜಿ ಇರುವವರು ಇದ್ದಾರೆ.

ಅತ್ತೆಯವರ ಮಾತನ್ನು ತಳ್ಳಿಹಾಕಬೇಡಿ. ಆಂಥ್ರಾಕ್ಸ್ ರೋಗದ ಬೀಜಕಣ ಉಣ್ಣೆಯಲ್ಲಿ, ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುತ್ತದೆ. 19ನೇ ಶತಮಾನದಲ್ಲಿ ಇಂಗ್ಲೆಂಡಿನ ಬ್ರ್ಯಾಡ್‌ಫರ್ಡ್‌ನಲ್ಲಿ ಉಣ್ಣೆ ಆರಿಸುವ ಕೆಲಸಗಾರರು ಇದರಿಂದಲೇ ಸಾಯುತ್ತಿದ್ದರು, ಆ ಕಾಯಿಲೆಗೆ ಉಣ್ಣೆ ಆರಿಸುವವರ ರೋಗ ಅಂತಲೇ ಹೆಸರು ಬಿತ್ತು. ನಮ್ಮ ರಾಜ್ಯದಲ್ಲೂ ಕುರಿಗಳಿಗೆ ಅದು ಬರುವುದುಂಟು. ಆರೋಗ್ಯವಾಗಿ ಓಡಾಡುತ್ತಿರುವ ಕುರಿಯಿಂದ ಕತ್ತರಿಸಿದ ಉಣ್ಣೆಯಿಂದ ಆ ಭಯ ಬಹಳ ಕಡಿಮೆ. ಸತ್ತ ಕುರಿಯದ್ದು, ಎಲ್ಲಿಂದ ಬಂತೋ ಗೊತ್ತಿಲ್ಲದ್ದು ಬೇಡ. ಕೊಡವುವಾಗ, ಆರಿಸುವಾಗ ಮಾಸ್ಕ್, ಕೈಗವಸು ಹಾಕಿ, ಬಯಲಲ್ಲಿ ಕೂರಿ, ಕೈಯಲ್ಲಿ ಗಾಯ ಇದ್ದರೆ ಆ ದಿನ ಮುಟ್ಟಬೇಡಿ. ತೊಳೆಯದ ಉಣ್ಣೆಯನ್ನು ಶಾಲೆಗೆ ಒಯ್ಯಲೇಬೇಡಿ.

ಮೆರಿನೋ ತರಿಸುವುದು ತಪ್ಪೇನಲ್ಲ, ನಾನೂ ತರಿಸುತ್ತೇನೆ. ಕಲಿಯುವವರಿಗೆ ಅದು ಬೇಗ ಒಲಿಯುತ್ತದೆ, ಒಂದು ಗಂಟೆಯಲ್ಲಿ ಕೈಗೆ ಫೆಲ್ಟ್ ಬಂದರೆ ಧೈರ್ಯವೂ ಬರುತ್ತದೆ. ಬೆಲೆ ಜಾಸ್ತಿ, ನೆಲಕ್ಕೆ ಹಾಸಿದರೆ ಬೇಗ ಜುಂಗೆದ್ದು ಸವೆಯುತ್ತದೆ. ಕೊಳ್ಳುವಾಗ ಸೂಪರ್‌ವಾಶ್ ಅಲ್ಲ ತಾನೇ ಅಂತ ಕೇಳಿಕೊಳ್ಳಿ. ನೀಲಗಿರಿ ಬೆಟ್ಟದಲ್ಲಿ ನೀಲಗಿರಿ ಕುರಿ ಅಂತಲೇ ಒಂದು ತಳಿ ಇದೆ, ದಕ್ಷಿಣದಲ್ಲಿ ನಯವಾದ ಉಣ್ಣೆ ಕೊಡುವುದು ಅದು. ಬಹಳ ಕಡಿಮೆ ಉಳಿದಿವೆ, ಉಣ್ಣೆ ಸಿಕ್ಕರೆ ಬಿಡಬೇಡಿ. ನಾನು ಮಾಡುವ ಕ್ರಮ ಅಂದರೆ ಎರಡನ್ನೂ ಸೇರಿಸುವುದು. ನಡುವಿನ ಮೂರು ನಾಲ್ಕು ಪದರ ನಮ್ಮ ಕರಿ ಉಣ್ಣೆ, ಮೈಗೆ ತಾಗುವ ಕಡೆ ಮರಿ ಉಣ್ಣೆ ಅಥವಾ ಮೆರಿನೋ. ಸಣ್ಣ ಎಳೆಗಳು ದಪ್ಪ ಎಳೆಗಳೊಳಗೆ ನುಗ್ಗಿ ಹಿಡಿದುಕೊಳ್ಳುತ್ತವೆ. ಬರೀ ಕರಿ ಉಣ್ಣೆಯದಾದರೆ ಬಿಸಿ ಪಾತ್ರೆ ಇಡುವ ಹಾಸು, ಕುರ್ಚಿ ಮೇಲಿನ ಆಸನ, ಲ್ಯಾಪ್‌ಟಾಪ್ ಚೀಲ ಇವಕ್ಕೆ ಅದನ್ನು ಮೀರಿಸಿದ್ದಿಲ್ಲ. ಉಣ್ಣೆ ಸುಲಭಕ್ಕೆ ಹೊತ್ತುವುದಿಲ್ಲ, ಕರಗುವುದಂತೂ ಇಲ್ಲ. ನನ್ನ ಅಡುಗೆಮನೆಯ ಪಾತ್ರೆ ಹಾಸು ಮಾಡಿ ಒಂಬತ್ತು ವರ್ಷ ಆಯಿತು.

ಅತ್ತೆಯವರ ಚಪ್ಪಲಿ ವಿಷಯದಲ್ಲಿ ನಿಧಾನಿಸಿ. ಸಕ್ಕರೆ ಕಾಯಿಲೆಯವರಿಗೆ ಪಾದದ ಸ್ಪರ್ಶ ಕಡಿಮೆಯಾಗಿರಬಹುದು, ಒರಟು ಉಣ್ಣೆ ಉಜ್ಜಿ ಚರ್ಮ ಕಿತ್ತರೂ ಗೊತ್ತಾಗುವುದಿಲ್ಲ. ಅಲ್ಲಿಂದ ಹುಣ್ಣು. ಒಳಗೆ ಪೂರ್ತಿ ಮೆರಿನೋ ಇರಲಿ, ಹೊಲಿಗೆ ಇಲ್ಲದ ಹಾಗೆ ಒಂದೇ ತುಂಡಾಗಿ ಮಾಡಿ, ಬೆರಳಿಗೆ ಬಿಗಿಯಾಗಬಾರದು. ಫೆಲ್ಟ್ ಟೈಲ್ಸ್ ಮೇಲೆ ಜಾರುತ್ತದೆ, ಆದ್ದರಿಂದ ಅಡಿಗೆ ರಬ್ಬರ್ ಅಥವಾ ಚರ್ಮದ ಅಟ್ಟೆ ಹೊಲಿಸದೆ ಕೊಡಬೇಡಿ. ಬಚ್ಚಲಿಗೆ ಹಾಕಿಕೊಂಡು ಹೋಗಬಾರದು, ಸಂಜೆ ಬಿಚ್ಚಿದಾಗ ಪಾದ ನೋಡಿಕೊಳ್ಳಬೇಕು. ಅವರ ಡಾಕ್ಟರನ್ನು ಮೊದಲೇ ಒಂದು ಮಾತು ಕೇಳಿ. ಬೇಡ ಅಂದರೆ ಕಾಲ ಕೆಳಗಿಡಲು ದಪ್ಪ ಹಾಸು ಮಾಡಿಕೊಡಿ, ಕೂತಲ್ಲಿ ಪಾದ ಬೆಚ್ಚಗಿರುತ್ತದೆ. ಮೊದಲ ಕೆಲಸವೇ ಚಪ್ಪಲಿ ಆಗುವುದು ಬೇಡ, ನಾಲ್ಕು ಹಾಸು ಮಾಡಿದ ಮೇಲೆ ಅದಕ್ಕೆ ಕೈ ಹಾಕಿ.

ಶಾಲೆಯ ಮಕ್ಕಳಿಗೆ ಸೋಪಿಗೆ ಅಂಗಿ ತೊಡಿಸುವ ಆಟ ಹೇಳಿಕೊಡಿ. ಸಣ್ಣ ಸೋಪಿನ ಸುತ್ತ ಹಿಂಜಿದ ಉಣ್ಣೆಯನ್ನು ಉದ್ದಕ್ಕೆ, ಅಡ್ಡಕ್ಕೆ ಸುತ್ತಿ, ಹಳೆ ಕಾಲುಚೀಲದೊಳಗೆ ಹಾಕಿ ಕಟ್ಟಿ, ಉಗುರುಬೆಚ್ಚಗಿನ ನೀರಲ್ಲಿ ಅದ್ದಿ ಅದ್ದಿ ಉಜ್ಜಲಿ. ಸೋಪು ಬೇರೆ ಹಾಕಬೇಕಿಲ್ಲ. 20 ನಿಮಿಷದಲ್ಲಿ ಉಣ್ಣೆ ಸೋಪಿಗೆ ಅಂಟಿಕೊಳ್ಳುತ್ತದೆ, ಕಾಲು ಉಜ್ಜಿಕೊಳ್ಳಲು ನಮ್ಮ ಒರಟು ಉಣ್ಣೆ ಬಹಳ ಚೆನ್ನ. ಸೂಜಿಯ ಫೆಲ್ಟಿಂಗ್, ಅಂದರೆ ಒಣ ಉಣ್ಣೆಯನ್ನು ಸೂಜಿಯಿಂದ ಚುಚ್ಚಿ ಚುಚ್ಚಿ ಗೊಂಬೆ ಮಾಡುವುದು, ಹತ್ತು ವರ್ಷದ ಮೇಲಿನವರಿಗೆ, ಅದೂ ನೀವು ಪಕ್ಕದಲ್ಲಿದ್ದಾಗ ಮಾತ್ರ. ಆ ಸೂಜಿಯ ಅಂಚಿಗೆ ಸಣ್ಣ ಕಚ್ಚುಗಳಿರುತ್ತವೆ, ಬೆರಳಿಗೆ ಹೋದರೆ ಆಳಕ್ಕೇ ಹೋಗುತ್ತದೆ. ಅಡಿಗೆ ದಪ್ಪ ಸ್ಪಂಜು ಇರಲಿ, ನೇರ ಚುಚ್ಚಿ ನೇರ ತೆಗೆಯಬೇಕು, ಓರೆ ಮಾಡಿದರೆ ಮುರಿದು ತುದಿ ಗೊಂಬೆಯೊಳಗೇ ಉಳಿಯುತ್ತದೆ. ನಮ್ಮ ಉಣ್ಣೆಗೆ 36ನೇ ನಂಬರಿನ ಸೂಜಿ ತಗೊಳ್ಳಿ. 40 ತೆಳ್ಳಗೆ, ಅದು ಕೊನೆಯ ನಯಕ್ಕೆ.

ಬ್ಲೀಚ್ ಆದ ಆ ಒಂದು ಕೆಜಿಯನ್ನು ಎಸೆಯಬೇಡಿ. ಅದನ್ನು ನಾಲ್ಕೈದು ನೀರಲ್ಲಿ ತೊಳೆದು ಒಣಗಿಸಿಡಿ. ಸೂಜಿಯ ಕೆಲಸದಲ್ಲಿ ಎಳೆಯನ್ನು ಎಳೆದು ಸಿಕ್ಕಿಸುವುದು ಸೂಜಿಯ ಕಚ್ಚು, ಹುರುಪೆ ಇಲ್ಲದಿದ್ದರೂ ನಡೆಯುತ್ತದೆ. ಗೊಂಬೆಯ ಹೊಟ್ಟೆಗೆ ಅದನ್ನು ತುಂಬಿ, ಮೇಲೆ ಒಳ್ಳೆ ಉಣ್ಣೆಯ ಒಂದು ಪದರ ಚುಚ್ಚಿ ಕೂರಿಸಿ. ಒಂದು ಕೆಜಿಗೆ ಇಡೀ ತರಗತಿಗಾಗುವಷ್ಟು ಕುರಿಮರಿಗಳಾಗುತ್ತವೆ.